ಕರುಳಿನ ಕ್ಯಾನ್ಸರೂ ಪ್ರೋಟೀನುಗಳ ಹದವೂ

ಜ್ವರ ಬಂದರೆ ನೆರೆಹೊರೆಯವರಿಗೆಲ್ಲ ಹೇಳುತ್ತೇವೆ. ಕೀಲುನೋವು ಬಂದರೆ ಕಂಡಕಂಡವರಲ್ಲಿ ಮದ್ದು ಕೇಳುತ್ತೇವೆ. ಮಲದಲ್ಲಿ ರಕ್ತ ಕಂಡಾಗ ಮಾತ್ರ ಗಂಡ ಹೆಂಡತಿಗೆ ಹೇಳುವುದಿಲ್ಲ, ತಾಯಿ ಮಕ್ಕಳಿಗೆ ಹೇಳುವುದಿಲ್ಲ. ‘ಮೂಲವ್ಯಾಧಿ ಇರಬೇಕು, ಉಷ್ಣವಾಗಿರಬೇಕು’ ಎಂದು ತಮಗೆ ತಾವೇ ತೀರ್ಮಾನಿಸಿಕೊಂಡು, ನಾಲ್ಕು ದಿನ ಮಜ್ಜಿಗೆ ಕುಡಿದು ಸುಮ್ಮನಾಗುವವರೇ ಹೆಚ್ಚು. ಅನೇಕ ವೇಳೆ ಅದು ಮೂಲವ್ಯಾಧಿಯೇ ಆಗಿರುವುದೂ ಉಂಟು. ಎಲ್ಲ ವೇಳೆಯಲ್ಲಿಯೂ ಹಾಗಲ್ಲವೆಂಬುದೇ ಇಲ್ಲಿಯ ಕಷ್ಟ.

ದೊಡ್ಡ ಕರುಳು, ಅದರ ಕೊನೆಯ ಭಾಗವಾದ ಗುದನಾಳ, ಇವೆರಡರಲ್ಲಿ ಹುಟ್ಟುವ ಕ್ಯಾನ್ಸರನ್ನು ವೈದ್ಯರು ಒಂದೇ ರೋಗವೆಂಬಂತೆ ಎಣಿಸುತ್ತಾರೆ. ೨೦೨೨ನೆಯ ಇಸವಿಯ ಲೆಕ್ಕದಂತೆ ಆ ಒಂದು ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು ೧೯ ಲಕ್ಷ ಮಂದಿಯಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು ೯ ಲಕ್ಷ ಮಂದಿ ಇದರಿಂದ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರೊಂದನ್ನು ಬಿಟ್ಟರೆ ಬೇರಾವ ಕ್ಯಾನ್ಸರೂ ಇಷ್ಟು ಜನರನ್ನು ಕೊಲ್ಲುವುದಿಲ್ಲ. ನಮ್ಮ ದೇಶದಲ್ಲಿ ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಮೆಯೆಂಬುದು ನಿಜ. ಆದರೆ ರೋಗ ಬಲಿತ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರು ನಮ್ಮಲ್ಲಿ ಬಹಳ.

ವಾಚಕರನ್ನು ಹೆದರಿಸುವುದು ಈ ಲೇಖನದ ಉದ್ದೇಶವಲ್ಲ. ಈ ರೋಗ ಹೇಗೆ ಹುಟ್ಟುತ್ತದೆ, ಹೇಗೆ ಮೆಲ್ಲಮೆಲ್ಲನೆ ಬೆಳೆಯುತ್ತದೆ, ಆ ಬೆಳವಣಿಗೆಯಲ್ಲಿ ನಮ್ಮ ದೇಹದ್ದೇ ಆದ ಪ್ರೋಟೀನುಗಳ ಪಾತ್ರವೇನು ಎಂಬುದನ್ನು ತಿಳಿಯಹೇಳಬೇಕೆಂದು ಇದನ್ನು ಬರೆದಿದ್ದೇನೆ. ತಿಳಿದವನಿಗೆ ನಾಚಿಕೆ ಕಡಮೆಯಾಗುತ್ತದೆ. ನಾಚಿಕೆ ಬಿಟ್ಟವನು ಸಕಾಲದಲ್ಲಿ ವೈದ್ಯರ ಬಳಿಗೆ ಹೋಗುತ್ತಾನೆ.

ಪ್ರೋಟೀನೆಂದರೆ ಬೇಳೆಕಾಳಷ್ಟೆಯೆ?

ಪ್ರೋಟೀನು ಎಂದೊಡನೆ ನಮಗೆ ನೆನಪಾಗುವುದು ತೊಗರಿಬೇಳೆ, ಹುರುಳಿ, ಹಾಲು, ಮೊಟ್ಟೆ. ಶಾಲೆಯ ಪುಸ್ತಕಗಳು ಇದನ್ನು ಸಸಾರಜನಕವೆಂದು ಕರೆದವು. ನಾವು ತಿಂದ ಬೇಳೆಯ ಪ್ರೋಟೀನು ಹೊಟ್ಟೆಯಲ್ಲಿಯೂ ಸಣ್ಣ ಕರುಳಿನಲ್ಲಿಯೂ ಅಮೈನೋ ಆಮ್ಲಗಳೆಂಬ ಸಣ್ಣ ತುಣುಕುಗಳಾಗಿ ಬಿಡಿಬಿಡಿಯಾಗುತ್ತದೆ. ದೇಹದ ಜೀವಕೋಶಗಳು ಆ ತುಣುಕುಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಪೋಣಿಸಿ ತಮ್ಮದೇ ಪ್ರೋಟೀನುಗಳನ್ನು ಕಟ್ಟಿಕೊಳ್ಳುತ್ತವೆ. ಇಪ್ಪತ್ತು ಬಗೆಯ ಮಣಿಗಳಿಂದ ಸಾವಿರಾರು ಬಗೆಯ ಸರಗಳನ್ನು ಪೋಣಿಸಿದಂತೆ ಇದು. ರಕ್ತಕ್ಕೆ ಕೆಂಪುಬಣ್ಣ ಕೊಡುವ ಹಿಮೋಗ್ಲೋಬಿನ್ ಒಂದು ಪ್ರೋಟೀನು. ಕೂದಲೂ ಉಗುರೂ ಇನ್ನೊಂದು ಪ್ರೋಟೀನಿನಿಂದಾದುವು. ಜೀವಕೋಶದ ಒಳಗೆ ಸುದ್ದಿ ಒಯ್ಯುವ ದೂತರು, ಕೆಲಸ ಮಾಡುವ ಆಳುಗಳು, ಕಾವಲು ಕಾಯುವ ತಳವಾರರು ಎಲ್ಲರೂ ಪ್ರೋಟೀನುಗಳೇ. ಆದ್ದರಿಂದ ಮುಂದೆ ‘ಇಂಥ ಪ್ರೋಟೀನು ಹೆಚ್ಚಾಯಿತು’ ಎಂದು ಓದಿದಾಗ, ರೋಗಿ ಬೇಳೆ ಹೆಚ್ಚು ತಿಂದನೆಂದು ಯಾರೂ ತಿಳಿಯಬಾರದು. ಜೀವಕೋಶವು ತನ್ನೊಳಗೆ ಕಟ್ಟಿಕೊಂಡ ಪ್ರೋಟೀನಿನ ಮಾತು ಅದು.

ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ವಿವರ ಜೀವಕೋಶದ ನಡುಬೀಜದಲ್ಲಿರುವ ಡಿ.ಎನ್.ಎ. ಎಂಬ ಗ್ರಂಥದಲ್ಲಿ ಬರೆದಿದೆ. ಈ ಗ್ರಂಥದ ಲಿಪಿಗೆ ನಾಲ್ಕೇ ಅಕ್ಷರಗಳು. ಅದರಲ್ಲಿ ಪ್ರೋಟೀನುಗಳ ವಿವರ ಹೇಳುವ ಅಧ್ಯಾಯಗಳು ಸುಮಾರು ೨೦,೦೦೦. ಒಂದೊಂದು ಅಧ್ಯಾಯಕ್ಕೆ ಒಂದು ವಂಶವಾಹಿ, ಅಂದರೆ ಜೀನು, ಎಂದು ಹೆಸರು. ಕಣ್ಣಿನ ಕೋಶದಲ್ಲಿಯೂ ಕರುಳಿನ ಕೋಶದಲ್ಲಿಯೂ ಇರುವುದು ಒಂದೇ ಗ್ರಂಥ. ಆದರೆ ಕಣ್ಣು ಓದುವ ಅಧ್ಯಾಯಗಳು ಬೇರೆ, ಕರುಳು ಓದುವ ಅಧ್ಯಾಯಗಳು ಬೇರೆ. ಗ್ರಂಥದಲ್ಲಿ ಅವ್ಯಕ್ತವಾಗಿರುವುದು ಪ್ರೋಟೀನಿನ ರೂಪದಲ್ಲಿ ವ್ಯಕ್ತವಾಗುವುದನ್ನೇ ‘ಅಭಿವ್ಯಕ್ತಿ’ ಎನ್ನುತ್ತಾರೆ. ಎಲ್ಲಿ, ಯಾವಾಗ, ಎಷ್ಟು ವ್ಯಕ್ತವಾಗಬೇಕೆಂಬುದಕ್ಕೆ ಒಂದು ಹದವುಂಟು. ಆ ಹದ ತಪ್ಪುವುದರ ಕಥೆಯೇ ಕ್ಯಾನ್ಸರಿನ ಕಥೆ.

ಹದ ತಪ್ಪುವುದೇಕೆ? ಜೀವಕೋಶ ಎರಡಾಗುವಾಗಲೆಲ್ಲ ಇಡೀ ಗ್ರಂಥದ ನಕಲಾಗಬೇಕು. ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ. ವ್ಯಾಕರಣ ಓದಿದವರು ಸಂಧಿಯಲ್ಲಿ ಲೋಪ, ಆಗಮ, ಆದೇಶಗಳೆಂಬ ಮೂರು ಕಾರ್ಯಗಳನ್ನು ಬಲ್ಲರು. ಇಲ್ಲಿಯೂ ಮೂರೇ: ಅಕ್ಷರ ಬಿಟ್ಟುಹೋಗುವುದು, ಹೊಸ ಅಕ್ಷರ ಸೇರುವುದು, ಒಂದರ ಸ್ಥಳದಲ್ಲಿ ಇನ್ನೊಂದು ಬರುವುದು. ಸಂಧಿಕಾರ್ಯಕ್ಕೆ ಸೂತ್ರವುಂಟು, ಈ ತಪ್ಪುಗಳಿಗೆ ಸೂತ್ರವಿಲ್ಲ. ಬಹುಪಾಲು ತಪ್ಪುಗಳು ನಿರಪಾಯಕರ. ಕೆಲವು ಮಾತ್ರ ಅರ್ಥವನ್ನೇ ಕೆಡಿಸುತ್ತವೆ.

ಐದು ದಿನಕ್ಕೊಮ್ಮೆ ಹೊಸ ಒಳಮೈ

ದೊಡ್ಡ ಕರುಳು ಸುಮಾರು ಐದು ಅಡಿ ಉದ್ದದ ಕೊಳವೆ. ಅದರ ಒಳಮೈ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲಕ್ಷಾಂತರ ಸಣ್ಣ ಕುಳಿಗಳು, ಸಾಲುಬಾವಿ ತೋಡಿದಂತೆ ಕಾಣುತ್ತವೆ. ಕುಳಿಯ ತಳದಲ್ಲಿ ಕೆಲವೇ ಕೆಲವು ಮೂಲಕೋಶಗಳಿರುತ್ತವೆ. ಅವು ಸದಾ ಇಬ್ಭಾಗವಾಗುತ್ತ ಹೊಸ ಕೋಶಗಳನ್ನು ಹಡೆಯುತ್ತವೆ. ಹುಟ್ಟಿದ ಕೋಶಗಳು ಕುಳಿಯ ಗೋಡೆಯನ್ನು ಹತ್ತುತ್ತ, ಹತ್ತುತ್ತ ಇಬ್ಭಾಗವಾಗುವುದನ್ನು ನಿಲ್ಲಿಸಿ, ನೀರು ಹೀರುವ, ಲೋಳೆ ಸುರಿಸುವ ತಂತಮ್ಮ ವೃತ್ತಿ ಹಿಡಿದು, ನಾಲ್ಕೈದು ದಿನಗಳಲ್ಲಿ ಬಾಯಿ ಮುಟ್ಟಿ ಉದುರಿಹೋಗುತ್ತವೆ. ಕಸವನ್ನು ಹೊತ್ತು ಸಾಗಿಸುವ ಜಾಗವಲ್ಲವೆ? ಅಲ್ಲಿ ಹಳೆಯ ಮೈ ಬಹುಕಾಲ ನಿಲ್ಲಬಾರದೆಂಬುದು ನಿಸರ್ಗದ ಏರ್ಪಾಡು.

ತಳದಲ್ಲಿ ‘ಬೆಳೆ’ ಎನ್ನುವವರಾರು, ಮೇಲೆ ‘ಸಾಕು’ ಎನ್ನುವವರಾರು? ‘ಬೆಳೆ’ ಎನ್ನುವವರಲ್ಲಿ ಪ್ರಮುಖನಾದವನು ಬೀಟಾ-ಕೆಟೆನಿನ್ ಎಂಬ ಪ್ರೋಟೀನು. ಇದಕ್ಕೆ ಎರಡು ಉದ್ಯೋಗ. ಕೋಶದ ಅಂಚಿನಲ್ಲಿದ್ದಾಗ, ಇ-ಕೆಡ್‌ಹೆರಿನ್ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಕೂಡಿ, ಒಂದು ಕೋಶವನ್ನು ಪಕ್ಕದ ಕೋಶಕ್ಕೆ ಅಂಟಿಸುವ ಗಾರೆಯ ಕೆಲಸ ಮಾಡುತ್ತದೆ. ನಡುಬೀಜದೊಳಕ್ಕೆ ಹೋದಾಗಲಾದರೋ ಗ್ರಂಥದ ಕೆಲವು ಅಧ್ಯಾಯಗಳನ್ನು ತೆರೆಯಿಸಿ, ‘ಮಿಕ್’, ‘ಸೈಕ್ಲಿನ್ ಡಿ-೧’ ಮುಂತಾದ ಪ್ರೋಟೀನುಗಳನ್ನು ಕಟ್ಟಿಸುತ್ತದೆ. ಅವು ಕೋಶವನ್ನು ಇಬ್ಭಾಗವಾಗಲು ಹುರಿದುಂಬಿಸುತ್ತವೆ. ಕುಳಿಯ ತಳದಲ್ಲಿ ಈ ಹುರಿದುಂಬಿಕೆ ಬೇಕು. ಮೇಲೇರಿದಂತೆ ಬೇಡ.

ಬೇಡವಾದುದನ್ನು ತೆಗೆದುಹಾಕಲು ಕೋಶದಲ್ಲಿ ಒಂದು ಕೂಟವಿದೆ. ಅದರ ಮುಖ್ಯಸ್ಥರಲ್ಲಿ ಒಬ್ಬನು ಎ.ಪಿ.ಸಿ. ಎಂಬ ದೊಡ್ಡ ಪ್ರೋಟೀನು. ೨,೮೪೩ ಅಮೈನೋ ಆಮ್ಲಗಳ ಸರ. ಈ ಕೂಟವು ಹೆಚ್ಚಾದ ಬೀಟಾ-ಕೆಟೆನಿನ್ನನ್ನು ಹಿಡಿದು, ‘ಇದು ಕಸ’ ಎಂದು ಗುರುತು ಹಾಕಿ, ಕೋಶದ ಕಸ ಅರೆಯುವ ಯಂತ್ರಕ್ಕೆ ಒಪ್ಪಿಸುತ್ತದೆ. ಬೀಟಾ-ಕೆಟೆನಿನ್ ದಿನವೂ ಹುಟ್ಟುತ್ತದೆ, ದಿನವೂ ಅಳಿಯುತ್ತದೆ. ಹುಟ್ಟು ಅಳಿವುಗಳ ಈ ತೂಕ ಸರಿಯಾಗಿರುವವರೆಗೆ ಕರುಳಿಗೆ ಕ್ಷೇಮ.

ವಾಕ್ಯದ ನಡುವೆ ಬಿದ್ದ ಪೂರ್ಣವಿರಾಮ

೧೯೯೧ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರೂ, ಯೂಟಾ ಪ್ರಾಂತದವರೂ, ಜಪಾನಿನವರೂ ಎ.ಪಿ.ಸಿ.ಯ ವಂಶವಾಹಿಯನ್ನು ಗುರುತಿಸಿದರು. ಕೆಲವು ಮನೆತನಗಳಲ್ಲಿ ಹದಿಹರೆಯದಲ್ಲಿಯೇ ದೊಡ್ಡ ಕರುಳಿನ ತುಂಬ ನೂರಾರು, ಸಾವಿರಾರು ಮಾಂಸದ ಮೊಳಕೆಗಳು ಏಳುವುದುಂಟು. ಈ ಮೊಳಕೆಗಳಿಗೆ ‘ಪಾಲಿಪ್’ ಎಂದು ಹೆಸರು. ಚಿಕಿತ್ಸೆಯಿಲ್ಲದಿದ್ದರೆ ನಲವತ್ತರ ಆಸುಪಾಸಿನಲ್ಲಿ ಅಂಥವರಿಗೆ ಕ್ಯಾನ್ಸರು ತಪ್ಪುವುದಿಲ್ಲವೆಂದೇ ಹೇಳಬೇಕು. ಆ ಮನೆತನಗಳನ್ನು ಅಭ್ಯಸಿಸಿದ್ದರಿಂದಲೇ ಈ ಸಂಶೋಧನೆಯಾಯಿತು. ಇಂಥ ಆನುವಂಶಿಕ ರೋಗ ವಿರಳ. ಸುಮಾರು ಹತ್ತು ಸಾವಿರ ಜನನಗಳಲ್ಲಿ ಒಂದು. ಆಶ್ಚರ್ಯವೆಂದರೆ, ಮನೆತನದಲ್ಲಿ ಯಾರಿಗೂ ಇಲ್ಲದೆ ಒಬ್ಬನಿಗೇ ಬರುವ ಸಾಮಾನ್ಯ ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿಯೂ ಸುಮಾರು ಶೇಕಡ ೮೦ರಲ್ಲಿ ಎ.ಪಿ.ಸಿ. ಕೆಟ್ಟಿರುವುದು ಕಂಡುಬಂದಿತು.

ಹೇಗೆ ಕೆಟ್ಟಿರುತ್ತದೆ? ಹೆಚ್ಚಾಗಿ, ವಾಕ್ಯ ಮುಗಿಯುವ ಮುನ್ನವೇ ಪೂರ್ಣವಿರಾಮ ಬಿದ್ದಂತೆ. ಒಂದು ಅಕ್ಷರ ತಪ್ಪಿ, ‘ಇಲ್ಲಿಗೆ ನಿಲ್ಲಿಸು’ ಎಂಬ ಸಂಜ್ಞೆ ನಡುವಿನಲ್ಲಿಯೇ ಬಂದುಬಿಡುತ್ತದೆ. ಆಗ ಹುಟ್ಟುವುದು ಮೊಂಡು ಎ.ಪಿ.ಸಿ. ಬೀಟಾ-ಕೆಟೆನಿನ್ನನ್ನು ಸರಿಯಾಗಿ ಹಿಡಿದು ಒಪ್ಪಿಸುವ ಕೈ ಅದಕ್ಕಿರುವುದಿಲ್ಲ. ಪ್ರತಿ ವಂಶವಾಹಿಗೂ ತಂದೆಯಿಂದ ಬಂದ ಪ್ರತಿ ಒಂದು, ತಾಯಿಯಿಂದ ಬಂದ ಪ್ರತಿ ಒಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ತೂಗಿಸುತ್ತದೆ. ಎರಡೂ ಕೆಟ್ಟ ಕೋಶದಲ್ಲಿ ಬೀಟಾ-ಕೆಟೆನಿನ್ ಅಳಿಯದೆ ರಾಶಿಬಿದ್ದು ನಡುಬೀಜಕ್ಕೆ ನುಗ್ಗುತ್ತದೆ. ‘ಬೆಳೆ, ಬೆಳೆ’ ಎನ್ನುತ್ತಲೇ ಇರುತ್ತದೆ. ಉದುರಬೇಕಾದ ಕೋಶ ಉದುರುವುದಿಲ್ಲ. ಕುಳಿಯ ಬಾಯಲ್ಲಿ ಗುಂಪುಗೂಡಿ ಪಾಲಿಪ್ ಆಗಿ ತಲೆಯೆತ್ತುತ್ತದೆ. ಒಳಮೈಯನ್ನು ಹೊಸದಾಗಿಡುವ ಪ್ರೋಟೀನೇ ಅಳತೆ ಮೀರಿದಾಗ ರೋಗದ ಬೀಜವಾಯಿತು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ!

ಮೆಟ್ಟಿಲು ಮೆಟ್ಟಿಲಾಗಿ

ಪಾಲಿಪ್ ಇನ್ನೂ ಕ್ಯಾನ್ಸರಲ್ಲ. ಇದನ್ನು ವಾಚಕರು ಮುಖ್ಯವಾಗಿ ನೆನಪಿಡಬೇಕು. ಬಹುಪಾಲು ಪಾಲಿಪ್‌ಗಳು ಎಂದೂ ಕ್ಯಾನ್ಸರಾಗುವುದಿಲ್ಲ. ಆಗುವಂಥವೂ ಒಮ್ಮೆಗೇ ಆಗುವುದಿಲ್ಲ. ಜಾನ್ಸ್ ಹಾಪ್ಕಿನ್ಸಿನ ಬರ್ಟ್ ವೋಗಲ್‌ಸ್ಟೈನ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿ ಎರಿಕ್ ಫಿಯರನ್ನರೂ ೧೯೯೦ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಚಿಕ್ಕ ಪಾಲಿಪ್ಪಿನಿಂದ ದೊಡ್ಡ ಪಾಲಿಪ್, ದೊಡ್ಡದರಿಂದ ಕ್ಯಾನ್ಸರು ಎಂಬ ಒಂದೊಂದು ಮೆಟ್ಟಿಲಿಗೂ ಒಂದೊಂದು ವಂಶವಾಹಿಯ ಕೇಡು ಕಾರಣವೆಂದು ತೋರಿಸಿಕೊಟ್ಟರು. ಮೆಟ್ಟಿಲುಗಳ ಕ್ರಮ ಎಲ್ಲರಲ್ಲಿಯೂ ಒಂದೇ ಎಂದಲ್ಲ. ಆದರೆ ಒಂದರ ಮೇಲೊಂದು ತಪ್ಪು ಕೂಡುತ್ತ ಹೋಗಬೇಕೆಂಬುದು ನಿಶ್ಚಯವಾಯಿತು.

ಎರಡನೆಯ ಮೆಟ್ಟಿಲಲ್ಲಿ ಅನೇಕ ವೇಳೆ ಕಾಣುವುದು ಕೆ-ರಾಸ್ ಎಂಬ ಪ್ರೋಟೀನಿನ ಕೇಡು. ಇದು ಮನೆಯ ಕರೆಗಂಟೆಯ ಗುಂಡಿಯಂತೆ. ಹೊರಗಿನಿಂದ ಬೆಳವಣಿಗೆಯ ಸುದ್ದಿ ಬಂದಾಗ ಒತ್ತಿಕೊಂಡು, ಒಡನೆಯೇ ಬಿಟ್ಟುಕೊಳ್ಳಬೇಕು. ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಗುಂಡಿ ಸಿಕ್ಕಿಹಾಕಿಕೊಂಡು ಯಾರೂ ಒತ್ತದೆಯೇ ಗಂಟೆ ಬಡಿಯುತ್ತಿರುತ್ತದೆ. ಇಲ್ಲಿ ಹೆಚ್ಚಾಗುವುದು ಪ್ರೋಟೀನಿನ ಮೊತ್ತಕ್ಕಿಂತ ಅದರ ಗಲಾಟೆ. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಸುಮಾರು ಶೇಕಡ ೪೦ರಲ್ಲಿ ಇದು ಕಂಡುಬರುತ್ತದೆ.

ಮುಂದಿನ ಮೆಟ್ಟಿಲಲ್ಲಿ ‘ಸಾಕು, ನಿಲ್ಲಿಸು’ ಎಂಬ ಹೊರಗಿನ ಅಪ್ಪಣೆಯನ್ನು ನಡುಬೀಜಕ್ಕೆ ತಲಪಿಸುವ ಸ್ಮಾಡ್-೪ ಎಂಬ ದೂತನೇ ಕೆಲವರಲ್ಲಿ ಇಲ್ಲವಾಗುತ್ತಾನೆ. ಅಪ್ಪಣೆ ಹೊರಡುತ್ತದೆ, ಮುಟ್ಟಿಸುವವರಿಲ್ಲ.

ಕಡೆಯದಾಗಿ ಪಿ-೫೩. ೧೯೭೯ರಲ್ಲಿ ಪತ್ತೆಯಾದ ಈ ಪ್ರೋಟೀನಿಗೆ ೧೯೯೨ರಲ್ಲಿ ಡೇವಿಡ್ ಲೇನ್ ಎಂಬ ಬ್ರಿಟಿಷ್ ವಿಜ್ಞಾನಿ ಗ್ರಂಥರಕ್ಷಕನೆಂಬ ಅರ್ಥದ ಬಿರುದನ್ನು ಕೊಟ್ಟರು. ಡಿ.ಎನ್.ಎ.ಗೆ ಪೆಟ್ಟಾದಾಗ ಪಿ-೫೩ ಎಚ್ಚತ್ತು, ‘ತಿದ್ದುವವರೆಗೆ ಇಬ್ಭಾಗವಾಗಬೇಡ’ ಎಂದು ಕೋಶವನ್ನು ತಡೆಯುತ್ತದೆ; ತಿದ್ದಲಾಗದಷ್ಟು ಕೆಟ್ಟಿದ್ದರೆ ಕೋಶವು ತಾನಾಗಿ ಸಾಯುವಂತೆ ಮಾಡುತ್ತದೆ. ಈ ರಕ್ಷಕನೇ ಕೆಟ್ಟರೆ ಕೆಟ್ಟ ಕೋಶಕ್ಕೆ ಸಾವಿಲ್ಲ. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಪಿ-೫೩ ಕೆಟ್ಟಿರುತ್ತದೆ. ಇಲ್ಲೊಂದು ವಿಚಿತ್ರವುಂಟು. ಆರೋಗ್ಯವಂತ ಕೋಶದಲ್ಲಿ ಪಿ-೫೩ ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಅಳಿಯುವುದರಿಂದ ಬಣ್ಣ ಹಾಕಿ ನೋಡಿದರೂ ಅಷ್ಟಾಗಿ ಕಾಣದು. ಕೆಟ್ಟ ಪಿ-೫೩ ಅನೇಕ ವೇಳೆ ಅಳಿಯದೆ ತುಂಬಿಕೊಂಡು ನಡುಬೀಜವೆಲ್ಲ ಕಂದಾಗಿ ಕಾಣುತ್ತದೆ. ಕೋಟೆಯ ತುಂಬ ಕಾವಲುಗಾರರು, ಒಬ್ಬರಿಗೂ ಕಣ್ಣಿಲ್ಲ. ಆದ್ದರಿಂದ ಪ್ರೋಟೀನು ಎಷ್ಟಿದೆ ಎಂದು ಕೇಳಿದರೆ ಸಾಲದು. ಅದು ಸರಿಯಾಗಿದೆಯೆ, ಇರಬೇಕಾದಲ್ಲಿ ಇದೆಯೆ ಎಂದೂ ಕೇಳಬೇಕು.

ಇಷ್ಟೆಲ್ಲ ಕೂಡಿದ ಮೇಲೆ ಕೋಶಗಳ ನಡುವಣ ಗಾರೆಯೂ ಸಡಿಲುತ್ತದೆ. ಮೇಲೆ ಹೇಳಿದ ಇ-ಕೆಡ್‌ಹೆರಿನ್ ಕಡಮೆಯಾದ ಕೋಶ ನೆರೆಯವರ ಕೈಬಿಟ್ಟು, ಕರುಳಿನ ಗೋಡೆಯನ್ನು ಕೊರೆದು, ಹಾಲುರಸದ ಗಂಟುಗಳಿಗೂ ರಕ್ತದ ಮೂಲಕ ಯಕೃತ್ತಿಗೂ ವಲಸೆ ಹೋಗುತ್ತದೆ. ಪ್ರಾಣಾಪಾಯ ಇರುವುದು ಮುಖ್ಯವಾಗಿ ಈ ವಲಸೆಯಲ್ಲಿ. ಮೊದಲ ಮೊಳಕೆಯಿಂದ ಈ ಹಂತಕ್ಕೆ ಬರಲು ಸಾಮಾನ್ಯವಾಗಿ ಹತ್ತು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ವರ್ಷಗಳ ಅವಧಿಯನ್ನು ರೋಗವೇ ನಮಗೆ ಕೊಟ್ಟಿರುತ್ತದೆ.

ಕರಡು ತಿದ್ದುವ ಪ್ರೋಟೀನುಗಳು

ಗ್ರಂಥದ ನಕಲಿನಲ್ಲಿ ತಪ್ಪು ನುಸುಳುತ್ತದೆಂದೆವಷ್ಟೆ. ಅಚ್ಚುಕೂಟದಲ್ಲಿ ಕರಡು ತಿದ್ದುವವರಿರುವಂತೆ ಜೀವಕೋಶದಲ್ಲಿಯೂ ಇದ್ದಾರೆ. ಎಂ.ಎಲ್.ಎಚ್.-೧, ಎಂ.ಎಸ್.ಎಚ್.-೨, ಎಂ.ಎಸ್.ಎಚ್.-೬, ಪಿ.ಎಂ.ಎಸ್.-೨ ಎಂಬ ನಾಲ್ಕು ಪ್ರೋಟೀನುಗಳು ಹೊಸ ನಕಲನ್ನು ಸವರಿ ನೋಡಿ ತಪ್ಪಿದ ಅಕ್ಷರಗಳನ್ನು ಗುರುತಿಸಿ ತಿದ್ದಿಸುತ್ತವೆ. ಇವುಗಳಲ್ಲಿ ಒಂದು ಇಲ್ಲವಾದರೂ ತಪ್ಪುಗಳು ಸಾವಿರಗಟ್ಟಲೆ ಉಳಿದುಹೋಗುತ್ತವೆ.

ಇದರ ಹಿಂದೆ ಒಬ್ಬ ಹೊಲಿಗೆಯ ಹೆಂಗಸಿನ ಕಥೆಯುಂಟು. ೧೮೯೫ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವೈದ್ಯ ಆಲ್ಡ್ರೆಡ್ ವಾರ್ಥಿನ್ನರಲ್ಲಿ ಆಕೆ, ತನ್ನ ಮನೆತನದಲ್ಲಿ ಎಷ್ಟೋ ಜನ ಕರುಳಿನ ಮತ್ತು ಗರ್ಭಾಶಯದ ಕ್ಯಾನ್ಸರಿನಿಂದ ಸತ್ತರೆಂದೂ ತಾನೂ ಹಾಗೆಯೇ ಸಾಯುವೆನೆಂದೂ ಹೇಳಿಕೊಂಡಳು. ಆಕೆ ಹೇಳಿದಂತೆಯೇ ಚಿಕ್ಕ ವಯಸ್ಸಿನಲ್ಲಿ ಗರ್ಭಾಶಯದ ಕ್ಯಾನ್ಸರಿನಿಂದ ತೀರಿಕೊಂಡಳು. ವಾರ್ಥಿನ್ನರು ಆ ಮಾತನ್ನು ತಳ್ಳಿಹಾಕದೆ ಮನೆತನದ ವಂಶವೃಕ್ಷವನ್ನು ಬರೆದಿಟ್ಟು ೧೯೧೩ರಲ್ಲಿ ಪ್ರಕಟಿಸಿದರು. ಹೆನ್ರಿ ಲಿಂಚ್ ಎಂಬ ವೈದ್ಯರು ೧೯೬೬ರಿಂದ ಮುಂದೆ ಇಂಥ ಇನ್ನೂ ಹಲವು ಮನೆತನಗಳನ್ನು ವಿವರಿಸಿದರು. ೧೯೯೩-೯೪ರಲ್ಲಿ ಎಂ.ಎಸ್.ಎಚ್.-೨, ಎಂ.ಎಲ್.ಎಚ್.-೧ ವಂಶವಾಹಿಗಳು ಪತ್ತೆಯಾದಾಗ, ಕರಡು ತಿದ್ದುವ ಪ್ರೋಟೀನೊಂದರ ಕೆಟ್ಟ ಪ್ರತಿಯೇ ಈ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದ್ದುದು ತಿಳಿಯಿತು. ಹೊಲಿಗೆಯ ಹೆಂಗಸು ತನ್ನ ಮನೆಯ ಸಾವುಗಳನ್ನು ಲೆಕ್ಕವಿಟ್ಟಿದ್ದಳು. ವಿಜ್ಞಾನ ಆ ಲೆಕ್ಕಕ್ಕೆ ಅರ್ಥ ಕಂಡುಹಿಡಿಯಲು ಸುಮಾರು ನೂರು ವರ್ಷ ತೆಗೆದುಕೊಂಡಿತು. ಈ ಆನುವಂಶಿಕ ಸ್ಥಿತಿಗೆ ಈಗ ಲಿಂಚ್ ಸಿಂಡ್ರೋಮ್ ಎಂದು ಹೆಸರು. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಮೂರು ಇದರಿಂದ ಆಗುವಂಥವು.

ವಂಶದ ದೋಷವಿಲ್ಲದೆಯೂ ಕರಡು ತಿದ್ದುವವನು ಇಲ್ಲವಾಗಬಹುದು. ವಯಸ್ಸಾದ ಕೆಲವರ ಕರುಳಿನಲ್ಲಿ ಎಂ.ಎಲ್.ಎಚ್.-೧ರ ಅಧ್ಯಾಯದಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಆದರೆ ಅದರ ಮೊದಲ ಪುಟಕ್ಕೆ ಮೀಥೈಲ್ ಎಂಬ ರಾಸಾಯನಿಕ ಅಂಟು ಮೆತ್ತಿಕೊಂಡು, ಪುಟ ತೆರೆಯುವುದೇ ಇಲ್ಲ. ಬರಹವಿದ್ದೂ ಅಭಿವ್ಯಕ್ತಿಯಿಲ್ಲ. ಎರಡು ಬಗೆಯೂ ಸೇರಿ ಒಟ್ಟು ಕ್ಯಾನ್ಸರುಗಳಲ್ಲಿ ಸುಮಾರು ಶೇಕಡ ೧೫ರಲ್ಲಿ ಕರಡು ತಿದ್ದುವ ಕೆಲಸ ನಿಂತಿರುತ್ತದೆ.

ಪ್ರೋಟೀನುಗಳಿಂದಲೇ ಪರಿಹಾರ

ಈ ತಿಳಿವಳಿಕೆಯಿಂದ ರೋಗಿಗೆ ಬಂದ ಲಾಭವೇನು? ಲಾಭವುಂಟು. ಈಗ ಕರುಳಿನಿಂದ ತೆಗೆದ ಗೆಡ್ಡೆಯ ತೆಳುವಾದ ಚೂರಿಗೆ ಬಣ್ಣ ಹಾಕಿ ಕರಡು ತಿದ್ದುವ ನಾಲ್ಕು ಪ್ರೋಟೀನುಗಳೂ ಇವೆಯೆ ಎಂದು ನೋಡುತ್ತಾರೆ. ಒಂದು ಇಲ್ಲದಿದ್ದರೆ ಎರಡು ವಿಷಯ ತಿಳಿಯುತ್ತವೆ. ಮೊದಲನೆಯದು, ಇದು ವಂಶದಲ್ಲಿ ಬಂದುದಾಗಿರಬಹುದು. ಹಾಗಿದ್ದರೆ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಮಕ್ಕಳನ್ನೂ ಮುಂಚಿತವಾಗಿ ಪರೀಕ್ಷಿಸಬೇಕು. ಎರಡನೆಯದು, ತಪ್ಪುಗಳು ತುಂಬಿದ ಇಂಥ ಕೋಶ ವಿಕಾರವಾದ ಪ್ರೋಟೀನುಗಳನ್ನು ಹೊತ್ತಿರುವುದರಿಂದ ದೇಹದ ರಕ್ಷಣಾಪಡೆಗೆ ಅದು ಪರಕೀಯವಾಗಿ ಕಾಣುತ್ತದೆ. ರಕ್ಷಣಾಪಡೆಗೆ ಹಾಕಿರುವ ಪಿ.ಡಿ.-೧ ಎಂಬ ಕಡಿವಾಣವನ್ನು ಔಷಧದಿಂದ ಸಡಿಲಿಸಿದರೆ ಅದೇ ರೋಗವನ್ನು ಹಿಮ್ಮೆಟ್ಟಿಸಬಲ್ಲದೆಂದು ೨೦೧೫ರಲ್ಲಿ ತೋರಿತು. ೨೦೨೨ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಇಂಥ ಗುದನಾಳದ ಕ್ಯಾನ್ಸರಿನ ೧೨ ಮಂದಿಗೆ ಆರು ತಿಂಗಳು ಈ ಬಗೆಯ ಔಷಧ ಕೊಟ್ಟ ಬಳಿಕ, ಹನ್ನೆರಡು ಮಂದಿಯಲ್ಲಿಯೂ ಪರೀಕ್ಷೆಗೆ ಗೆಡ್ಡೆ ಸಿಕ್ಕದಂತಾಯಿತೆಂದು ಪ್ರಕಟಿಸಿದರು. ಎಲ್ಲ ಕರುಳಿನ ಕ್ಯಾನ್ಸರುಗಳಿಗೂ ಇದು ಒದಗದು. ಯಾವುದಕ್ಕೆ ಒದಗುತ್ತದೆಂಬುದನ್ನು ಆ ನಾಲ್ಕು ಪ್ರೋಟೀನುಗಳೇ ಹೇಳುತ್ತವೆ. ಹಾಗೆಯೇ ಕೆ-ರಾಸ್ ಕೆಟ್ಟಿದೆಯೆ ಎಂದು ನೋಡಿ, ಕೆಲವು ದುಬಾರಿ ಔಷಧಗಳು ಪ್ರಯೋಜನಕ್ಕೆ ಬಾರವೆಂದು ಮೊದಲೇ ತಿಳಿದು ರೋಗಿಯನ್ನು ವೃಥಾ ಕಷ್ಟದಿಂದಲೂ ವೆಚ್ಚದಿಂದಲೂ ಪಾರುಮಾಡುತ್ತಾರೆ.

ಕೆನಡಾ ದೇಶದ ಮಾಂಟ್ರಿಯಲ್ಲಿನಲ್ಲಿ ಫಿಲ್ ಗೋಲ್ಡ್, ಸ್ಯಾಮ್ಯುಯಲ್ ಫ್ರೀಡ್‌ಮನ್ ಎಂಬಿಬ್ಬರು ೧೯೬೫ರಲ್ಲಿ ಸಿ.ಇ.ಎ. ಎಂಬ ಪ್ರೋಟೀನನ್ನು ವರ್ಣಿಸಿದರು. ಗರ್ಭಸ್ಥ ಶಿಶುವಿನ ಕರುಳಿನಲ್ಲಿ ಹೇರಳವಾಗಿದ್ದು ಆಮೇಲೆ ಅಡಗುವ ಇದು ಕರುಳಿನ ಕ್ಯಾನ್ಸರಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗ ಮರುಕಳಿಸಿತೆ ಎಂದು ನೋಡಲು ರಕ್ತದಲ್ಲಿ ಇದನ್ನು ಅಳೆಯುತ್ತಾರೆ. ಧೂಮಪಾನಿಗಳಲ್ಲಿಯೂ ಬೇರೆ ಕೆಲವು ರೋಗಗಳಲ್ಲಿಯೂ ಇದು ಏರುವುದರಿಂದ, ರೋಗವಿದೆಯೆ ಇಲ್ಲವೆ ಎಂದು ಮೊದಲಿಗೆ ತೀರ್ಮಾನಿಸಲು ಇದೊಂದನ್ನೇ ನಂಬುವಂತಿಲ್ಲ.

ಎಲ್ಲಕ್ಕಿಂತ ಸರಳವಾದುದು ನಮಗೆಲ್ಲ ಪರಿಚಿತವಾದ ಹಿಮೋಗ್ಲೋಬಿನ್ನಿನ ಪರೀಕ್ಷೆ. ದೊಡ್ಡ ಪಾಲಿಪ್ಪುಗಳೂ ಕ್ಯಾನ್ಸರೂ ಕಣ್ಣಿಗೆ ಕಾಣದಷ್ಟು ರಕ್ತವನ್ನು ಆಗಾಗ ಜಿನುಗಿಸುತ್ತವೆ. ಒಂದಿಷ್ಟು ಮಲವನ್ನು ಕಡ್ಡಿಯಿಂದ ತೆಗೆದು ಕೊಟ್ಟರೆ ಮನುಷ್ಯರಕ್ತದ ಹಿಮೋಗ್ಲೋಬಿನ್ ಅದರಲ್ಲಿದೆಯೆ ಎಂದು ಪ್ರಯೋಗಶಾಲೆಯಲ್ಲಿ ಹೇಳುತ್ತಾರೆ. ಉಪವಾಸ ಬೇಡ, ನೋವಿಲ್ಲ. ಇದೆಯೆಂದು ಬಂದರೆ ಕ್ಯಾನ್ಸರೆಂದು ಅರ್ಥವಲ್ಲ. ಒಳಗೆ ಇಣಿಕಿ ನೋಡಬೇಕೆಂದು ಅರ್ಥ. ಆಗ ಕೊಲನೋಸ್ಕೋಪ್ ಎಂಬ ಬಳುಕುವ ದೀಪದ ಕೊಳವೆಯಿಂದ ಕರುಳನ್ನು ನೋಡಿ, ಪಾಲಿಪ್ ಕಂಡರೆ ತಂತಿಯ ಕುಣಿಕೆಯಿಂದ ಅಲ್ಲಿಯೇ ಕೊಯ್ದು ತೆಗೆಯುತ್ತಾರೆ. ಕ್ಯಾನ್ಸರಾಗಬಹುದಾಗಿದ್ದ ಮೊಳಕೆ ಹಾಗೆ ಮೊಳಕೆಯಲ್ಲಿಯೇ ಮುಗಿಯುತ್ತದೆ. ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ ಸುಮಾರು ೪೬,೦೦೦ ಜನರನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗದ ಫಲವನ್ನು ೧೯೯೩ರಲ್ಲಿ ಪ್ರಕಟಿಸಿದರು. ಮಲದಲ್ಲಿಯ ರಕ್ತವನ್ನು ಹಳೆಯ ಕ್ರಮದಿಂದ ವರ್ಷಕ್ಕೊಮ್ಮೆ ಪರೀಕ್ಷಿಸಿಕೊಂಡವರಲ್ಲಿ ೧೩ ವರ್ಷಗಳ ಅವಧಿಯಲ್ಲಿ ಈ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ಕಡಮೆಯಾಗಿತ್ತು.

ನಾವೇನು ಮಾಡಬೇಕು?

ಅಮೆರಿಕದಲ್ಲಿ ಯಾವ ತೊಂದರೆಯಿಲ್ಲದವರೂ ೪೫ನೆಯ ವಯಸ್ಸಿನಿಂದ ಪರೀಕ್ಷಿಸಿಕೊಳ್ಳಬೇಕೆಂದು ೨೦೨೧ರಲ್ಲಿ ಸಲಹೆಯಾಯಿತು. ನಮ್ಮ ದೇಶದ ಸರ್ಕಾರಿ ತಪಾಸಣೆಯ ಕಾರ್ಯಕ್ರಮ ರೂಪುಗೊಂಡುದು ಬಾಯಿ, ಸ್ತನ, ಗರ್ಭಕಂಠಗಳ ಕ್ಯಾನ್ಸರುಗಳಿಗಾಗಿ. ಕರುಳಿನ ವಿಷಯದಲ್ಲಿ ನಮ್ಮ ಎಚ್ಚರವೇ ನಮಗೆ ಕಾವಲು.

ನನಗೆ ಪರಿಚಿತರಾದ ಗಣಿತದ ಮೇಷ್ಟರೊಬ್ಬರಿದ್ದರು. ಮೂವತ್ತು ವರ್ಷ ನಿಂತೇ ಪಾಠ ಹೇಳಿದವರು, ಒಂದು ವರ್ಷ ಕುರ್ಚಿಯ ಮೇಲೆ ಕುಳಿತು ಹೇಳತೊಡಗಿದರು. ವಯಸ್ಸಾಯಿತೆಂದು ಹುಡುಗರು ತಿಳಿದರು. ನಾವೂ ಹಾಗೆಯೇ ತಿಳಿದೆವು. ಅವರಿಗೆ ಆಗಿದ್ದುದು ರಕ್ತಹೀನತೆ. ಒಂದೂವರೆ ವರ್ಷದಿಂದ ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿಯೆಂದುಕೊಂಡು, ಮನೆಯವರಿಗೂ ಹೇಳದೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ವೈದ್ಯರ ಬಳಿಗೆ ಹೋಗುವ ಹೊತ್ತಿಗೆ ರೋಗ ಯಕೃತ್ತಿಗೆ ಹಬ್ಬಿತ್ತು. ಅವರು ಬುದ್ಧಿವಂತರು; ನಾಚಿಕೆಗೆ ಬುದ್ಧಿಯ ಮಾತು ಕೇಳಿಸುವುದಿಲ್ಲ.

ಆದುದರಿಂದ ವಾಚಕರು ಕೆಲವು ಲಕ್ಷಣಗಳನ್ನು ನೆನಪಿಡಬೇಕು: ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾಗಿಯೇ ಉಳಿದ ಮಲಪ್ರವೃತ್ತಿ, ಮಲಬದ್ಧತೆಯಾಗಲಿ ಭೇದಿಯಾಗಲಿ, ಕಾರಣ ತಿಳಿಯದ ರಕ್ತಹೀನತೆ, ಕಾರಣವಿಲ್ಲದೆ ಇಳಿಯುವ ಮೈತೂಕ, ಬಿಡದೆ ಕಾಡುವ ಹೊಟ್ಟೆನೋವು. ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಿರಿ. ನಿಜವಾಗಿ ಮೂಲವ್ಯಾಧಿಯೇ ಆಗಿದ್ದರೆ ಅದನ್ನೂ ಅವರೇ ಹೇಳುತ್ತಾರೆ, ಮನಸ್ಸು ಹಗುರವಾಗುತ್ತದೆ. ತಂದೆತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರು ಬಂದಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ತಿಳಿಸಿರಿ.

ಊಟದ ವಿಷಯ ಕೇಳುವವರಿಗೆ ಎರಡು ಮಾತು. ನಾರಿನಂಶವುಳ್ಳ ಕಾಳು, ಸೊಪ್ಪು, ತರಕಾರಿ, ಮೈ ಬಗ್ಗಿಸಿ ದುಡಿಯುವುದು, ಇವು ಕರುಳಿಗೆ ಹಿತ. ಹೊಗೆಸೊಪ್ಪು, ಮದ್ಯ, ಅತಿಯಾದ ಬೊಜ್ಜು, ಉಪ್ಪು ಹೊಗೆಗಳಿಂದ ಕೆಡದಂತೆ ಮಾಡಿದ ಡಬ್ಬಿಯ ಮಾಂಸ, ಇವು ಅಹಿತ. ಆಸ್ಪಿರಿನ್ ಗುಳಿಗೆ ಕಾಕ್ಸ್-೨ ಎಂಬ ಉರಿಯೂತದ ಪ್ರೋಟೀನನ್ನು ತಡೆದು ಕೆಲವರಲ್ಲಿ ಈ ಕ್ಯಾನ್ಸರನ್ನು ಕಡಮೆಮಾಡುವುದುಂಟು. ಲಿಂಚ್ ಸಿಂಡ್ರೋಮ್ ಇರುವವರಲ್ಲಿ ಇದನ್ನು ಪ್ರಯೋಗದಿಂದಲೇ ಕಂಡುಕೊಂಡಿದ್ದಾರೆ. ಆದರೆ ಅದೇ ಗುಳಿಗೆ ಹೊಟ್ಟೆಯಲ್ಲಿ ರಕ್ತಸ್ರಾವವನ್ನೂ ಮಾಡಬಲ್ಲದು. ವೈದ್ಯರು ಹೇಳದೆ ಯಾರೂ ಅದನ್ನು ನಿತ್ಯದ ಗುಳಿಗೆ ಮಾಡಿಕೊಳ್ಳಬಾರದು.

ನಮ್ಮ ಕರುಳಿನ ಲಕ್ಷಾಂತರ ಕುಳಿಗಳಲ್ಲಿ ಈ ಗಳಿಗೆಯಲ್ಲಿಯೂ ಕೋಶಗಳು ಹುಟ್ಟುತ್ತಿವೆ, ಹತ್ತುತ್ತಿವೆ, ಉದುರುತ್ತಿವೆ. ಅಳಿಸುವ ಪ್ರೋಟೀನು ಅಳಿಸುತ್ತಿದೆ, ತಿದ್ದುವುದು ತಿದ್ದು‍ತ್ತಿದೆ, ಕಾಯುವುದು ಕಾಯುತ್ತಿದೆ. ನಾವು ಕೇಳದೆಯೇ ಇಷ್ಟು ಕೆಲಸ ನಡೆಯುತ್ತದೆ. ಎಲ್ಲಿಯಾದರೂ ಒಂದು ಕಡೆ ತಪ್ಪಿದಾಗ ಕರುಳು ಒಂದು ಹನಿ ರಕ್ತದ ಮೂಲಕ ಸುದ್ದಿ ಕಳುಹಿಸಬಹುದು. ಅಂಥ ಸುದ್ದಿ ಬಂದರೆ ಮುಚ್ಚಿಡದೆ ಮನೆಯವರಿಗೂ ವೈದ್ಯರಿಗೂ ಹೇಳಿಬಿಡಿರಿ.